ಮಾತೇ ಆಡದ ಇಂಡಿ, ಅರಸೀಕೆರೆಗೇ ಸುಸ್ತಾಗುವ ಬ್ಯಾಟರಿ: ಪಿಎಸ್‌ಪಿಯಲ್ಲಿ ಲೆಗೊ ಇಂಡಿಯಾನಾ ಜೋನ್ಸ್

ಲೆಗೊ ಇಂಡಿಯಾನಾ ಜೋನ್ಸ್ ವಿಡಿಯೊ ಗೇಮಿನ ಈ ಡಿಸ್ಕ್ ನನ್ನ ಹತ್ತಿರ 2011ರಿಂದ ಇದೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 450 ರೂಪಾಯಿಗೆ ತಂದದ್ದು. ಬಾಕ್ಸ್ ಇರಲಿಲ್ಲ, ಪುಸ್ತಕ ಇರಲಿಲ್ಲ, ಬರೀ ಡಿಸ್ಕ್. ಪಿಎಸ್‌ಪಿ 3000, ಅಂದರೆ ಡಿಸ್ಕ್ ಹಾಕಿ ಕೈಯಲ್ಲಿ ಹಿಡಿದು ಆಡುವ ಸೋನಿಯ ಯಂತ್ರ, ಅದಕ್ಕೂ ಮೊದಲೇ ತೆಗೆದುಕೊಂಡಿದ್ದೆ. ಗ್ರಾಫಿಕ್ಸ್ ಹೇಗಿದೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಅನ್ನುವುದನ್ನು 2008ರಲ್ಲಿ ಆಟ ಬಂದಾಗಲೇ ಎಲ್ಲರೂ ಬರೆದು ಮುಗಿಸಿದ್ದಾರೆ. ನಾನು ಬರೆಯಲು ಕೂತದ್ದು ಒಂದೇ ವಿಷಯಕ್ಕೆ. ಈ ಆಟದಲ್ಲಿ ಯಾರೂ ಮಾತಾಡುವುದಿಲ್ಲ.

ಮೊದಲ ಏಳೆಂಟು ವರ್ಷ ನನಗೆ ಇದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಬೆಂಗಳೂರಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗುವಾಗ ಸುಮ್ನೆ ಆಡುತ್ತಿದ್ದೆ. ಈಗ ಅಕ್ಕನ ಮಗ ಎರಡನೇ ಕ್ಲಾಸು, ಕನ್ನಡ ಮೀಡಿಯಂ. ಬೇರೆ ಆಟ ಹಾಕಿಕೊಟ್ಟರೆ ಎರಡು ನಿಮಿಷಕ್ಕೊಮ್ಮೆ ಯಾರೋ ಬಂದು ಇಂಗ್ಲಿಷಿನಲ್ಲಿ ಉದ್ದುದ್ದ ಮಾತಾಡುತ್ತಾರೆ, ಇವನು ನನ್ನ ತೋಳು ಜಗ್ಗಿ "ಮಾಮ, ಏನಂದ? ಈಗ ಏನಂದ?" ಅಂತ ಕೇಳುತ್ತಾನೆ, ನಾನು ಅರ್ಥ ಹೇಳುವಷ್ಟರಲ್ಲಿ ಅವನಿಗೆ ಬೇಜಾರಾಗಿ ಎದ್ದು ಹೋಗಿರುತ್ತಾನೆ. ಇಲ್ಲಿ ಹಾಗಿಲ್ಲ. ಬೆರಳುದ್ದದ ಲೆಗೊ ಬೊಂಬೆಗಳು, ಅಂದರೆ ಆಟಿಕೆ ಇಟ್ಟಿಗೆಯವು, ಕೈ ಆಡಿಸುತ್ತವೆ, ಗೊಣಗುತ್ತವೆ, ಭುಜ ಕುಣಿಸುತ್ತವೆ. ಇಂಡಿ, ಅಂದರೆ ಇಂಡಿಯಾನಾ ಜೋನ್ಸ್ ಅನ್ನುವ ಸಾಹಸಿಯ ಮೂರು ಹಾಲಿವುಡ್ ಸಿನಿಮಾದ ಕಥೆಯನ್ನೂ ಹೀಗೇ ಹೇಳಿ ಮುಗಿಸುತ್ತವೆ. ಸ್ಕ್ರೀನ್ ಮೇಲೆ ಆಗಾಗ ಸೂಚನೆ ಬರುತ್ತದೆ, ಆದರೆ ಅದನ್ನು ಓದದೆಯೂ ಆಡಬಹುದು. ಮಾತೆಲ್ಲ ಅವನೇ ಹಾಕಿಕೊಳ್ಳುತ್ತಾನೆ, ಅದೂ ಅಪ್ಪಟ ಶಿವಮೊಗ್ಗದ ಕನ್ನಡದಲ್ಲಿ. ಹಾವು ಕಂಡು ಇಂಡಿ ನಡುಗಲು ಶುರು ಮಾಡಿದರೆ "ಅಯ್ಯಯ್ಯೋ, ನೀನ್ ಮುಂದೆ ಹೋಗೋ ಮಾರಾಯ" ಅಂತ ಜೊತೆಗಾರನಿಗೆ ಹೇಳಿ, ಆಡುವ ಬೊಂಬೆ ಬದಲಿಸುವ ತ್ರಿಕೋನದ ಗುಂಡಿ ಒತ್ತುತ್ತಾನೆ.

ಒಂದು ಸಲ ಪೆರುವಿನ ಗುಹೆಯಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೆ. ಎದುರಿಗೆ ಒಂದು ಮಂಗ, ಅದರ ಹತ್ತಿರ ನಮಗೆ ಬೇಕಾದ ವಸ್ತು. ಚಾವಟಿ ಬೀಸಿದೆ, ನೆಗೆದೆ, ಏನೂ ಆಗಲಿಲ್ಲ. ಇವನು ಯೋಚನೆಯನ್ನೇ ಮಾಡದೆ "ಹಣ್ಣು ಕೊಡು ಮಾಮ" ಅಂದ. ದೇವಸ್ಥಾನದ ಮುಂದೆ ಮಂಗ ಚಪ್ಪಲಿ ಎತ್ತಿಕೊಂಡು ಹೋದಾಗ ಬಾಳೆಹಣ್ಣು ತೋರಿಸಿ ಬಿಡಿಸಿಕೊಂಡದ್ದನ್ನು ಅವನು ನೋಡಿದ್ದಾನೆ. ಬಾಳೆಹಣ್ಣು ಹುಡುಕಿ ಎಸೆದೆವು. ಮಂಗ ವಸ್ತು ಎಸೆಯಿತು. ಆವತ್ತು ಅವನ ಮುಖ ನೋಡಬೇಕಿತ್ತು.

ಬ್ಯಾಟರಿ ಇದ್ದರೆ ನಮ್ಮ ಮನೆಯಲ್ಲಿ ಆಡುವ ಕ್ರಮ ಹೀಗೆ. ಜಗಲಿಯಲ್ಲಿ ಗೋಡೆಗೆ ಒರಗಿ ಅಕ್ಕಪಕ್ಕ ಕೂರುತ್ತೇವೆ, ಡಿಸ್ಕ್ ಚಿರ್ರೆಂದು ತಿರುಗುವ ಸದ್ದು ಬಂದ ಮೇಲೆ ಯಾರೂ ಏಳುವಂತಿಲ್ಲ. ಲೋಡ್ ಆಗುವಷ್ಟರಲ್ಲಿ ಒಂದು ಕೋಡುಬಳೆ ಮುಗಿಯುತ್ತದೆ. ಆಮೇಲೆ ಸಾಯುವವರೆಗೆ ಒಬ್ಬನ ಸರದಿ. ಇಲ್ಲಿ ಸತ್ತರೆ ಬೊಂಬೆ ಇಟ್ಟಿಗೆ ಇಟ್ಟಿಗೆಯಾಗಿ ಚೆದುರಿ, ನಾಣ್ಯ ಚೆಲ್ಲಿ, ಮರುಕ್ಷಣ ಅಲ್ಲೇ ಎದ್ದು ನಿಲ್ಲುತ್ತದೆ. ಆಟ ಮುಗಿಯಿತು ಅನ್ನುವುದೇ ಇಲ್ಲ. ಆ ಮರುಕ್ಷಣದಲ್ಲಿ ಪಿಎಸ್‌ಪಿ ಪಕ್ಕದವರ ಕೈಗೆ ಹೋಗಬೇಕು. ನೀಲಿ ನಾಣ್ಯಕ್ಕೆ 1000, ಹಾಗಾಗಿ ನೀಲಿ ಕಂಡರೆ ಮಾತ್ರ ಎತ್ತಿಕೊಂಡೇ ಕೊಡಬಹುದು, ಇದು ಅವನೇ ಮಾಡಿದ ಕಾನೂನು.

ಎರಡನೇ ಸಿನಿಮಾದ ಭಾಗ ಬಂದಾಗ ನನಗೆ ಸ್ವಲ್ಪ ಮುಜುಗರ ಆಯಿತು. 1984ರ ಆ ಚಿತ್ರದ ಕಥೆ 1935ರ ಭಾರತದಲ್ಲಿ ನಡೆಯುತ್ತದೆ. ಚಿತ್ರಕಥೆ ನೋಡಿ ನಮ್ಮ ಸರ್ಕಾರ ಇಲ್ಲಿ ಶೂಟಿಂಗಿಗೆ ಒಪ್ಪಲಿಲ್ಲ, ಹಾಗಾಗಿ ಶ್ರೀಲಂಕಾದ ಕ್ಯಾಂಡಿಗೆ ಹೋದರು. ಅರಮನೆಯ ಊಟದಲ್ಲಿ ಮಂಗನ ಮಿದುಳು ಬಡಿಸುವುದು, ಕಾಳಿಯ ಹೆಸರಲ್ಲಿ ನರಬಲಿ ಕೊಡುವುದು, ಇವೆಲ್ಲ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಬೊಂಬೆಯಾಟದಲ್ಲಿ ಆ ಕ್ರೌರ್ಯ ಅಷ್ಟು ಕಾಣುವುದಿಲ್ಲ ಅನ್ನುವುದು ನಿಜ. ಆದರೂ ಇದು ಸಿನಿಮಾದವರು ಕಟ್ಟಿದ ಊರು, ನಮ್ಮ ದೇಶ ಹೀಗಿರಲಿಲ್ಲ ಅಂತ ಹುಡುಗನನ್ನು ಕೂರಿಸಿಕೊಂಡು ಹೇಳಿದೆ. ಅಷ್ಟರಲ್ಲಿ ಅಮ್ಮ ಒಳಗಿಂದ ಬಂದು ಕೊಂಬಿನ ಕಿರೀಟದ ಖಳನಾಯಕ ಮೋಲಾ ರಾಮ್ ಬೊಂಬೆ ನೋಡಿ "ಯಾರೋ ಇವನು?" ಅಂದರು. ಸಿನಿಮಾದಲ್ಲಿ ಈ ಪಾತ್ರ ಮಾಡಿದ್ದು ಅಮರೀಶ್ ಪುರಿ ಅಂದೆ. "ಕಾರ್ನಾಡರ 'ಕಾಡು'ವಿನಲ್ಲಿ ಚಂದ್ರೇಗೌಡ ಆಗಿದ್ದನಲ್ಲ, ಅವನಾ!" ಅಂತ ಅಮ್ಮನೂ ಕೂತುಬಿಟ್ಟರು.

ಇಷ್ಟೆಲ್ಲ ಚೆನ್ನಾಗಿದೆ. ಈಗ ಸಿಟ್ಟಿನ ವಿಷಯ.

ಲೆವೆಲ್ ನಡುವೆ ಬಿಟ್ಟರೆ ಮತ್ತೆ ಆ ಲೆವೆಲ್ಲನ್ನು ಮೊದಲಿಂದಲೇ ಆಡಬೇಕು. ಒಂದೊಂದಕ್ಕೆ ಅರ್ಧ ಗಂಟೆ, ನಾವಿಬ್ಬರು ಆಡಿದರೆ ಇನ್ನೂ ಜಾಸ್ತಿ. ಪಿಎಸ್‌ಪಿ ಬಲಬದಿಯ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ತಳ್ಳಿದರೆ ದೀಪ ಮಿನುಗಿ ಆರಿ ಇಡೀ ಆಟ ಹಾಗೇ ಮಲಗುತ್ತದೆ, ನಾಳೆ ಎಬ್ಬಿಸಿದರೆ ಇಂಡಿ ಅದೇ ಹಗ್ಗ ಹಿಡಿದು ನಿಂತಿರುತ್ತಾನೆ. ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಇಷ್ಟ ಆ ಸ್ವಿಚ್ಚು. ಆದರೆ ಅದು ಬ್ಯಾಟರಿಯಲ್ಲಿ ಜೀವ ಇರುವವರೆಗೆ ಮಾತ್ರ. ನನ್ನ ಬ್ಯಾಟರಿ ಹೊಸದರಲ್ಲಿ ತರೀಕೆರೆ ದಾಟುತ್ತಿತ್ತು. ಆಮೇಲೆ ಬೀರೂರು. ಆಮೇಲೆ ಅರಸೀಕೆರೆ. ಕೊನೆಗೆ ತುಮಕೂರಲ್ಲೇ ಹಸಿರು ದೀಪ ಹೊಡೆದುಕೊಳ್ಳುತ್ತಿತ್ತು, ಚಾರ್ಜ್ ಮುಗಿಯುತ್ತಿದೆ ಅಂತ.

ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಹೊಸ ಬ್ಯಾಟರಿ ತರಿಸಿದೆ, 900 ರೂಪಾಯಿ. ನಾಲ್ಕು ತಿಂಗಳಿಗೆ ಇಡ್ಲಿಯ ಹಾಗೆ ಉಬ್ಬಿತು. ಹಿಂದಿನ ಮುಚ್ಚಳ ಹಾಕಲು ಆಗುತ್ತಿರಲಿಲ್ಲ. ಫೋಟೊ ಕಳಿಸಿದರೆ ವಾಪಸ್ ತೆಗೆದುಕೊಳ್ಳುವ ಗಡುವು ಮುಗಿದಿದೆ ಅಂದರು. ಅದನ್ನು ತೆಗೆದು ಮನೆಯಿಂದ ಹೊರಗಿಟ್ಟೆ. ನಿಮ್ಮದೂ ಉಬ್ಬಿದ್ದರೆ ದಯವಿಟ್ಟು ಚುಚ್ಚಬೇಡಿ, ಒತ್ತಿ ಮುಚ್ಚಳ ಹಾಕಬೇಡಿ, ಚಾರ್ಜಿಗೂ ಹಾಕಬೇಡಿ.

ಬ್ಯಾಟರಿ ಇಲ್ಲದೆಯೂ ಚಾರ್ಜರ್ ಸಿಕ್ಕಿಸಿದರೆ ಪಿಎಸ್‌ಪಿ ನಡೆಯುತ್ತದೆ. ಹಾಗೇ ಆಡುತ್ತಿದ್ದೇವೆ. ಜಗಲಿಯಲ್ಲಿ ಪ್ಲಗ್ ಇಲ್ಲ, ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ನಿಂತುಕೊಂಡೇ ಆಡಬೇಕು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ. ಗಣಿಯಿಂದ ತಳ್ಳುಗಾಡಿಯಲ್ಲಿ ತಪ್ಪಿಸಿಕೊಳ್ಳುವ ಲೆವೆಲ್ ಇನ್ನೇನು ಮುಗಿಯಬೇಕು, ಗಾಡಿ ಅವನ ಸರದಿಯಲ್ಲೇ ಇತ್ತು, ಕರೆಂಟು ಹೋಯಿತು. ಸ್ಕ್ರೀನ್ ಕಪ್ಪು. ಅವನು ಅಳಲಿಲ್ಲ. ಸ್ವಿಚ್ಚನ್ನು ಎರಡು ಸಲ ಮೇಲೆ ತಳ್ಳಿ ನೋಡಿದ, ಆಮೇಲೆ ಪಿಎಸ್‌ಪಿಯನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋದ. ನನಗೆ ಆವತ್ತು ಆದಷ್ಟು ಬೇಸರ ಯಾವ ಆಟದಲ್ಲೂ ಆಗಿಲ್ಲ.

ಚಿಕ್ಕ ಮಕ್ಕಳಿದ್ದರೆ, ಹಳೆ ಪಿಎಸ್‌ಪಿ ಮನೆಯಲ್ಲಿದ್ದರೆ, ಈ ಡಿಸ್ಕ್ 500 ರೂಪಾಯಿ ಒಳಗೆ ಸಿಕ್ಕರೆ ಎರಡು ಸಲ ಯೋಚಿಸಬೇಡಿ, ತನ್ನಿ. ಇದಕ್ಕೋಸ್ಕರವೇ ಹಳೆ ಪಿಎಸ್‌ಪಿ ಕೊಳ್ಳುವವರು ಮೊದಲು ಹಿಂದಿನ ಮುಚ್ಚಳ ತೆಗೆಸಿ ಬ್ಯಾಟರಿ ನೋಡಿ, ಆಮೇಲೆ ದುಡ್ಡು ಕೊಡಿ.

ನಾವು ಸೇತುವೆಯ ಮೇಲಿನ ಕಾಳಗವನ್ನು ದೀಪಾವಳಿಯಲ್ಲಿ ಮುಗಿಸಿದೆವು, ಕರೆಂಟು ಕೈಕೊಡಲಿಲ್ಲ. ಮೂರನೇ ಸಿನಿಮಾದ ಆರು ಲೆವೆಲ್ ಬೇಸಿಗೆ ರಜಕ್ಕೆ ಇಟ್ಟಿದ್ದೇವೆ. ವಾರಕ್ಕೊಮ್ಮೆ ಫೋನಿನಲ್ಲಿ ಅವನು ಊಟ ಆಯ್ತಾ ಅಂತಲೂ ಕೇಳುವುದಿಲ್ಲ, ಮೊದಲು ಕೇಳುವುದು "ಮಾಮ, ಬ್ಯಾಟರಿ ಸಿಕ್ತಾ?"