ಹೃದಯದೊಳಗೆ ನಿಂತು ಪಾಠ: ಕಾರವಾರದ ಹವೆಯಲ್ಲಿ ವಿಆರ್ ಹೆಡ್‌ಸೆಟ್

ಹುಟ್ಟುವ ಸಾವಿರ ಮಕ್ಕಳಲ್ಲಿ 8ರಿಂದ 9 ಮಕ್ಕಳಿಗೆ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ಆಪರೇಷನ್‌ಗೆ ಉತ್ತರ ಕನ್ನಡದವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಂತ ಹೊರಡಬೇಕು. ಆದರೆ ಮೊದಲು ಸ್ಟೆತಸ್ಕೋಪ್ ಇಟ್ಟು ಅನುಮಾನಪಡಬೇಕಾದವರು ಇಲ್ಲಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರೇ. ಹಾಗಾಗಿ ಎಂಬಿಬಿಎಸ್‌ನಲ್ಲಿ ಈ ಹುಟ್ಟು ಹೃದಯದೋಷಗಳ ಪಾಠ ತಲೆಗೆ ಹತ್ತಲೇಬೇಕು.

ಕೆಡದಂತೆ ಫಾರ್ಮಲಿನ್ ಬಾಟಲಿಯೊಳಗಿಟ್ಟ ಹೃದಯ ಬಿಳಿಚಿಕೊಂಡು ಗಟ್ಟಿಯಾಗಿರುತ್ತದೆ, ಯಾರೋ ಕೊಯ್ದ ಕಡೆಯಿಂದಷ್ಟೇ ಒಳಗೆ ಕಾಣುತ್ತದೆ. ಹೆಡ್‌ಸೆಟ್ ಹಾಕಿಕೊಂಡು ಕಂಪ್ಯೂಟರ್ ಕಟ್ಟಿದ ಹೃದಯದೊಳಗೇ ಅಡ್ಡಾಡಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಗೆಲ್ಲುವುದು ಇಲ್ಲೇ, ಅದರಲ್ಲೂ ನಾಲ್ಕು ದೋಷ ಒಟ್ಟಿಗೆ ಇರುವ ಫ್ಯಾಲೋ ಟೆಟ್ರಾಲಜಿಯಲ್ಲಿ. ಬಲ ವೆಂಟ್ರಿಕಲ್‌ನೊಳಗೆ (ಹೃದಯದ ಕೆಳಗಿನ ಬಲ ಕೋಣೆ) ನಿಂತು ಕತ್ತೆತ್ತಿದರೆ ಮುಂದೆ ಎಡಕ್ಕೆ ಪಲ್ಮನರಿ ಆರ್ಟರಿಗೆ (ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ) ಹೋಗುವ ಇಕ್ಕಟ್ಟಾದ ದಾರಿ. ಹಿಂದೆ ಬಲಕ್ಕೆ ಎರಡು ವೆಂಟ್ರಿಕಲ್‌ಗಳ ನಡುವಿನ ದೊಡ್ಡ ತೂತು, ಅದರ ನೆತ್ತಿಯ ಮೇಲೆ ಎರಡೂ ಕಡೆ ಕಾಲು ಚಾಚಿ ಕೂತ ಅಯೋರ್ಟಾ (ದೇಹಕ್ಕೆ ರಕ್ತ ಒಯ್ಯುವ ಮಹಾಧಮನಿ). ಸುತ್ತ ದಪ್ಪಗಾದ ಮಾಂಸದ ಗೋಡೆ. ನಾಲ್ಕೂ ದೋಷ ಒಂದೇ ನೋಟಕ್ಕೆ ಸಿಗುತ್ತವೆ. ಮಗು ನೀಲಿಗಟ್ಟುವುದು ಏಕೆ ಎಂದು ಬಾಯಿಪಾಠ ಮಾಡಬೇಕಾಗಿಲ್ಲ: ಮುಂದಿನ ದಾರಿ ಬಿಗಿಯಾದಷ್ಟೂ ಆಮ್ಲಜನಕ ಕಡಿಮೆಯಿರುವ ರಕ್ತ ಶ್ವಾಸಕೋಶಕ್ಕೆ ಹೋಗದೆ ತೂತಿನ ಕಡೆ ತಿರುಗಿ ದೇಹಕ್ಕೆ ಹರಿಯುತ್ತದೆ. ಸ್ಟೆತಸ್ಕೋಪ್‌ನಲ್ಲಿ ಕೇಳುವ ಹೆಚ್ಚುವರಿ ಸದ್ದು, ಅಂದರೆ ಮರ್ಮರ್, ಬರುವುದು ಆ ಇಕ್ಕಟ್ಟಿನಿಂದ, ತೂತಿನಿಂದಲ್ಲ. ನೀಲಿ ಸ್ಪೆಲ್ (ಮಗು ಇದ್ದಕ್ಕಿದ್ದಂತೆ ಇನ್ನಷ್ಟು ನೀಲಿಗಟ್ಟುವುದು) ಬಂದಾಗ ಮರ್ಮರ್ ಕ್ಷೀಣಿಸಿದರೆ ಅದು ಗುಣವಾಗುವ ಲಕ್ಷಣವಲ್ಲ, ಅಪಾಯದ ಸೂಚನೆ. ಮಂಡಿಗಳನ್ನು ಮಗುವಿನ ಎದೆಗೆ ಒತ್ತಿ ಹಿಡಿದರೆ ದೇಹದ ಕಡೆಯ ರಕ್ತನಾಳಗಳ ಪ್ರತಿರೋಧ ಏರಿ ರಕ್ತ ಮತ್ತೆ ಶ್ವಾಸಕೋಶದ ದಾರಿ ಹಿಡಿಯುತ್ತದೆ. ದಾರಿಯನ್ನು ಬಿಗಿ ಮಾಡಿ, ಸಡಿಲ ಮಾಡಿ ತೋರಿಸಲು ಬರುವ ವಿಆರ್ ಹೃದಯದ ಮಾಡೆಲ್‌ ಅನ್ನೇ ಆರಿಸಿ. ಅದಿಲ್ಲದಿದ್ದರೆ ಬರೀ ಚಿತ್ರ ನೋಡಿದ ಹಾಗೆ.

ಎರಡು ಏಟ್ರಿಯಂಗಳ (ಹೃದಯದ ಮೇಲಿನ ಕೋಣೆಗಳು) ನಡುವಿನ ಸಾದಾ ತೂತಿಗೆ ಹೆಡ್‌ಸೆಟ್ ದಂಡ. ಕಪ್ಪುಹಲಗೆ ಸಾಕು, ಉಳಿದ ಸಮಯ ಎರಡನೇ ಹೃದಯಧ್ವನಿ (‘ಲಬ್-ಡಬ್’ನ ‘ಡಬ್’) ಅಗಲವಾಗಿ, ಉಸಿರಾಟಕ್ಕೆ ಬದಲಾಗದೆ ಎರಡಾಗಿ ಒಡೆಯುವುದನ್ನು ಕೇಳಿಸುವುದಕ್ಕೆ ಕೊಡಿ.

ಮಾಡೆಲ್‌ಗಳು ದಾರಿ ತಪ್ಪಿಸುವುದೂ ಉಂಟು. ಕೋಣೆಯಷ್ಟು ದೊಡ್ಡ ಹೃದಯದಲ್ಲಿ ಅಡ್ಡಾಡಿದವರಿಗೆ, ನವಜಾತ ಶಿಶುವಿನ ಹೃದಯ ಅದರ ಪುಟ್ಟ ಮುಷ್ಟಿಯಷ್ಟೇ ಎಂಬುದು ಮರೆತುಹೋಗುತ್ತದೆ. ಮೇಜಿನ ಮೇಲೆ ಪೇಟೆಯಿಂದ ತಂದ ಕುರಿ ಹೃದಯ ಒಂದಿರಲಿ, ನಿಜವಾದ ಗೋಡೆಯ ದಪ್ಪ, ಕವಾಟದ ತೆಳುವು ಬೆರಳಿಗೆ ತಿಳಿಯುತ್ತದೆ.

ಇನ್ನು ಉಪಕರಣ. ಮೆಟಾ ಕಂಪನಿಯ ಹೆಡ್‌ಸೆಟ್ ಕ್ವೆಸ್ಟ್ 2 ತೂಗುವುದು 503 ಗ್ರಾಂ, ಲೆನ್ಸ್‌ಗಳ ಅಂತರಕ್ಕೆ ಅದರಲ್ಲಿ 58, 63, 68 ಮಿಲಿಮೀಟರ್ ಎಂಬ ಮೂರೇ ಜಾಗ. ಕಣ್ಣಿಗೆ ಹೊಂದದವರಿಗೆ ತೂತಿನ ಅಂಚು ಮಂಜಾಗಿ ಕಂಡು ತಲೆನೋವು ಬರುತ್ತದೆ. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ಸರಿಹೊಂದಿಸಬಹುದು, ಲೆನ್ಸ್ ಅಂಚಿನವರೆಗೂ ಸ್ಪಷ್ಟ. ದುಡ್ಡಿದ್ದರೆ ಇದೇ ಆಗಲಿ.

ಕಾರವಾರದ ಮಳೆಗಾಲದಲ್ಲಿ ದೊಡ್ಡ ಕಾಟ ಲೆನ್ಸ್‌ಗೆ ಕಟ್ಟುವ ಮಂಜು. ಎಸಿ ಕೋಣೆಯಿಂದ ಹೊರಬಂದ ತಣ್ಣನೆ ಗಾಜಿಗೆ ಜಿಗುಟು ಗಾಳಿ ತಾಗಿದ ಕೂಡಲೇ ಅದು ಮಸುಕಾಗುತ್ತದೆ. ಪಾಠಕ್ಕೆ ಐದು ನಿಮಿಷ ಮೊದಲೇ ಆನ್ ಮಾಡಿಟ್ಟರೆ ಬಿಸಿಯಾಗಿ ತಿಳಿಯಾಗುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಸ್ಪಂಜು ಬೆವರು ಹೀರಿ ನಾರುವುದರಿಂದ ಸಿಲಿಕೋನ್ ಮುಖಕವಚ ಹಾಕಿ, ಪ್ರತಿಯೊಬ್ಬರ ನಂತರ ಒರೆಸಿ. ಲೆನ್ಸ್‌ಗೆ ಮಾತ್ರ ಸ್ಪಿರಿಟ್ ತಾಗಿಸಬೇಡಿ, ಒಣ ಮೈಕ್ರೋಫೈಬರ್ ಬಟ್ಟೆಯೇ ಸಾಕು. ಕಿಟಕಿ ಕಡೆ ಲೆನ್ಸ್ ಮಾಡಿ ಇಡುವುದಂತೂ ಕೂಡದು, ಲೆನ್ಸ್ ಬಿಸಿಲನ್ನು ಒಟ್ಟುಗೂಡಿಸಿ ಒಳಗಿನ ಪರದೆಯನ್ನೇ ಸುಡುತ್ತದೆ.

ವಾಕರಿಕೆ ಬರದಿರಲು ತಿರುಗುವ ಸ್ಟೂಲ್ ಮೇಲೆ ಕೂರಿಸಿ, ಮೊದಲು ಮಿಡಿಯದ ಹೃದಯ ತೋರಿಸಿ. ತೇಲುತ್ತಾ ಸಾಗುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ನೇರ ಜಿಗಿಯುವ ಆಯ್ಕೆ ಒಳ್ಳೆಯದು. ಒಬ್ಬರಿಗೆ ಹತ್ತು ನಿಮಿಷ ಮಿಕ್ಕದಿರಲಿ. ಬ್ಯಾಟರಿ ಎರಡು ಗಂಟೆಯ ಮೇಲೆ ನಂಬುವಂತಿಲ್ಲ, ಅಂದರೆ ಒಂದು ಚಾರ್ಜಿಗೆ ಹನ್ನೆರಡು ಜನ. ಮಳೆಗೆ ನೆಟ್ ಹೋದೀತು, ಮಾಡೆಲ್‌ಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. ಉಳಿದವರು ಸುಮ್ಮನೆ ಕೂರದಂತೆ ಹೆಡ್‌ಸೆಟ್‌ನ ನೋಟವನ್ನು ಪ್ರೊಜೆಕ್ಟರ್‌ಗೆ ಕೊಡಿ.

ಹೆಡ್‌ಸೆಟ್ ತೆಗೆದ ತಕ್ಷಣ ಕೈಗೆ ಪೆನ್ಸಿಲ್ ಕೊಟ್ಟು ರಕ್ತದ ದಾರಿಯನ್ನು ಎರಡು ನಿಮಿಷದಲ್ಲಿ ಬರೆಸಿ. ಬರೆಯಲಾಗದವರು ಮತ್ತೊಮ್ಮೆ ಒಳಗೆ ಹೋಗಲಿ, ಬರೆದವರಿಗೆ ಅದೇ ದೋಷದ ಎಕೋ (ಹೃದಯದ ಅಲ್ಟ್ರಾಸೌಂಡ್) ತೋರಿಸಿ.