ಹೆಸರು ಕತ್ತರಿಸಿದ ಗುಳಿಗೆ ಪಟ್ಟಿ ಮನೆಗೆ ತರಬೇಡಿ

ಜಮಖಂಡಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪನ ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಬಂತು. ಕೀಲು ನೋವಿಲ್ಲ, ಬಾವಿಲ್ಲ. ರಿಪೋರ್ಟ್ ಹಿಡಿದು ಓಣಿಯ ಔಷಧಿ ಅಂಗಡಿಗೆ ಹೋದೆ. ಎಲ್ಲರೂ ಹಾಗೇ ಮಾಡ್ತೇವೆ ಅಲ್ವಾ? ಅಂಗಡಿಯವನು ಗುಳಿಗೆ ಪಟ್ಟಿ (ಸ್ಟ್ರಿಪ್) ಕತ್ತರಿಸಿ ಕೊಟ್ಟ, "ದಿನಾ ಒಂದು" ಅಂದ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೂರನೇ ವಾರ ಜ್ವರ, ಕಣ್ಣುರಿ, ಗಂಟಲು ನೋವು. ಮತ್ತೆ ಅದೇ ಅಂಗಡಿ. "ಉಷ್ಣ ಆಗಿದೆ, ಮಜ್ಜಿಗೆ ಕುಡಿಸಿ. ಆ ಗುಳಿಗೆ ಮಾತ್ರ ಬಿಡಬೇಡಿ." ಬಿಡಬೇಡಿ ಅಂದ! ಇನ್ನೂ ಎರಡು ದಿನ ನನ್ನ ಕೈಯಾರೆ ನುಂಗಿಸಿದೆ. ಎದೆ ಮೇಲೆ ಕಪ್ಪುಗೆಂಪು ಕಲೆ ಎದ್ದವು, ತುಟಿ ಒಡೆದು ರಕ್ತ ಕಟ್ಟಿತು. ಅಮ್ಮ ಬಂದಿದ್ದಾಳೆ ಅಂತ ಪಕ್ಕದ ಮನೆಯವರು ಬೇವಿನ ಸೊಪ್ಪು ತಂದರು. ಮರುದಿನ ಬನಿಯನ್ ತೆಗೆದರೆ ಬೆನ್ನಿನ ಚರ್ಮ ಅದಕ್ಕೆ ಅಂಟಿಕೊಂಡು ಬಂತು.

ವಿಜಯಪುರದಲ್ಲಿ ಚರ್ಮದ ಡಾಕ್ಟರ್ ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿಂದ ಮೆಲ್ಲಗೆ ಒತ್ತಿ ಸರಿಸಿದರು. ಹಾಲಿನ ಕೆನೆ ಹಾಗೆ ಜಾರಿತು. "ಎರಡು ತಿಂಗಳಲ್ಲಿ ಹೊಸದಾಗಿ ಶುರು ಮಾಡಿದ ಗುಳಿಗೆ ಯಾವುದು?" ಪಟ್ಟಿ ಕೊಟ್ಟೆ. ಅವರು ತಿರುವಿ ತಿರುವಿ ನೋಡಿದರು. ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದಿತ್ತು. ಫೋನ್ ಮಾಡಿದರೆ, "ಸಾದಾ ಗುಳಿಗೆ ರೀ, ಹೆಸರು ಯಾಕೆ?" ಮೂರನೇ ಸಲಕ್ಕೆ ಬಾಯಿ ಬಿಟ್ಟ: ಅಲೋಪ್ಯೂರಿನಾಲ್, ಯೂರಿಕ್ ಆಸಿಡ್ ಇಳಿಸುವ ಗುಳಿಗೆ.

ಚರ್ಮದ ಚೂರು ತೆಗೆದು ಬಯಾಪ್ಸಿ ಪರೀಕ್ಷೆಯೂ ಮಾಡಿದರು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅಂದರೆ ಹೆಚ್ಚಾಗಿ ಗುಳಿಗೆ ಮೈಗೆ ಒಗ್ಗದೆ ಚರ್ಮ ಸುಲಿಯುವ ಕಾಯಿಲೆ. ಮೈಯ ಶೇ 10ಕ್ಕಿಂತ ಕಡಿಮೆ ಚರ್ಮ ಸುಲಿದರೆ ಈ ಹೆಸರು. ಶೇ 30 ದಾಟಿದರೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್, ಅದು ಇನ್ನೂ ಭಯಂಕರ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್, ಫೆನಿಟಾಯಿನ್, ಮತ್ತೆ ಸಲ್ಫಾ ಗುಳಿಗೆಗಳಿಂದಲೂ ಆಗುತ್ತದೆ. ಸಾಮಾನ್ಯವಾಗಿ ಶುರು ಮಾಡಿದ 4ರಿಂದ 28 ದಿನದೊಳಗೆ. ಅನುಮಾನ ಬಂದ ಗುಳಿಗೆ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ನಾವು ಮಾಡಿದ್ದು ಅದರ ಉಲ್ಟಾ. ತೊಂದರೆಯೇ ಇಲ್ಲದ ಯೂರಿಕ್ ಆಸಿಡ್‌ಗೆ ಸಾಮಾನ್ಯವಾಗಿ ಈ ಗುಳಿಗೆ ಬೇಕೇ ಇಲ್ಲ ಅಂದರು ಡಾಕ್ಟರ್. ಬೇಕೇ ಇರಲಿಲ್ಲ!

ಅಂಗಡಿಗೆ ಹೋಗಿ ಕೇಳಿದೆ. "ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ, ಯಾರಿಗೂ ಆಗಿಲ್ಲ. ನಮ್ಮಲ್ಲೇ ತಗೊಂಡಿದ್ದು ಅನ್ನೋಕೆ ಬಿಲ್ ಇದೆಯಾ?" ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಬಾಯಿ ಬರಲಿಲ್ಲ.

ಡಾಕ್ಟರ್ ಬರೆಯದೆ, ಬಿಲ್ ಇಲ್ಲದೆ ಏನೂ ತರಬೇಡಿ. ಹೊಸ ಗುಳಿಗೆ ಶುರುವಾದ ಮೇಲೆ ಜ್ವರ, ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಕಲೆ ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಿ, ಗುಳಿಗೆ ಪಟ್ಟಿ ಜೊತೆಗಿರಲಿ.

ಅಪ್ಪ ಉಳಿದರು. ಕಣ್ಣಲ್ಲಿ ನೀರಿನ ಪಸೆ ಹೋಗಿದೆ, ತಾಸಿಗೊಮ್ಮೆ ಹನಿ ಹಾಕುತ್ತೇನೆ. ಆ ಗುಳಿಗೆಯ ಹೆಸರನ್ನು ಚೀಟಿಯಲ್ಲಿ ಬರೆದು ಅವರ ಜೇಬಿಗೆ ಇಟ್ಟಿದ್ದೇನೆ.