ಸೈಬರ್‌ಪಂಕ್ 2077 ಆಡಲು ಸ್ಟೀಮ್ ಡೆಕ್ಕೋ, ರಾಗ್ ಅಲೈಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಓಎಲ್‌ಇಡಿಗೆ. ಎರಡೂ ಕೈಯಲ್ಲಿ ಹಿಡಿದು ಪಿಸಿ ಗೇಮ್ ಆಡುವ ಹ್ಯಾಂಡ್‌ಹೆಲ್ಡ್‌ಗಳು. ಅಸುಸ್‌ನ ರಾಗ್ ಅಲೈ (2023ರ ಝಡ್1 ಎಕ್ಸ್‌ಟ್ರೀಮ್ ಮಾಡೆಲ್) ಅದಕ್ಕಿಂತ ತಾಕತ್ತಿನದು. ನಮ್ಮಲ್ಲಿ ಬಿಲ್ ಸಮೇತ ಸಿಗುತ್ತದೆ, ಸರ್ವಿಸ್ ಸೆಂಟರೂ ಇದೆ. ಆದರೂ ಇಷ್ಟು ದೊಡ್ಡ ಓಪನ್ ವರ್ಲ್ಡ್ ಗೇಮನ್ನು ಸಿಕ್ಕ ಅರ್ಧ ಗಂಟೆಯಲ್ಲಿ, ಬಸ್ಸಿನಲ್ಲೋ ಮಂಚದ ಮೇಲೋ ಕೂತು ತುಂಡು ತುಂಡಾಗಿ ಆಡುವವರಿಗೆ ಡೆಕ್ಕೇ ಸರಿ. ಸ್ಕ್ರೀನ್ ಎಷ್ಟು ಇಂಚು, ತೂಕ ಎಷ್ಟು ಗ್ರಾಂ ಅನ್ನುವುದು ಡಬ್ಬಿಯ ಮೇಲೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ಎರಡನ್ನೂ ಅಳೆಯಲು ಸೈಬರ್‌ಪಂಕನ್ನೇ ಹಿಡಿದದ್ದಕ್ಕೆ ಕಾರಣವಿದೆ. ಗೇಮಿನೊಳಗಿನ ನಗರ ನೈಟ್ ಸಿಟಿಯಲ್ಲಿ ಕಾರು ಓಡಿಸುವಾಗ ಪ್ರೊಸೆಸರ್, ಗ್ರಾಫಿಕ್ಸ್, ಸ್ಟೋರೇಜ್ ಮೂರರ ಮೇಲೂ ಒಟ್ಟಿಗೇ ಭಾರ ಬೀಳುತ್ತದೆ. ಗೇಮಿನ ಮೆನುವಿನಲ್ಲೇ ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆ ಇದೆ, ಆದರೆ ಅದರ ಅಂಕಿಯನ್ನು ನಂಬಿ ಸೆಟ್ಟಿಂಗ್ ಮಾಡಬೇಡಿ. ಗೇಮಿನ 2023ರ ವಿಸ್ತರಣೆ ಫ್ಯಾಂಟಮ್ ಲಿಬರ್ಟಿಯಲ್ಲಿ ಬಂದ ಡಾಗ್‌ಟೌನ್ ಪ್ರದೇಶ, ಜನ ಕಿಕ್ಕಿರಿದ ಮಾರುಕಟ್ಟೆಗಳು, ಇವು ಬೆಂಚ್‌ಮಾರ್ಕಿಗಿಂತ ಭಾರ. ಅಲ್ಲಿ ಐದು ನಿಮಿಷ ನಡೆದಾಡಿ, ಆಮೇಲೆ ತೀರ್ಮಾನಿಸಿ.

ವ್ಯಾಟ್ ಲೆಕ್ಕ ಮೊದಲು. ಡೆಕ್ಕಿನ ಚಿಪ್ 15 ವ್ಯಾಟ್‌ಗೆ ನಿಲ್ಲುತ್ತದೆ. ಅಲೈನಲ್ಲಿ ಮೋಡ್ ಪ್ರಕಾರ ಸೈಲೆಂಟ್ 10, ಪರ್ಫಾರ್ಮೆನ್ಸ್ 15, ಟರ್ಬೊ 25, ಚಾರ್ಜರ್ ಸಿಕ್ಕಿಸಿದರೆ 30. ಟರ್ಬೊದಲ್ಲಿ ಅಲೈ ಡೆಕ್ಕನ್ನು ಸಲೀಸಾಗಿ ಹಿಂದೆ ಹಾಕುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 15ಕ್ಕೆ ಇಳಿಸಿದಾಗ ಅಂತರ ಸಣ್ಣದಾಗುತ್ತದೆ, 10ಕ್ಕೆ ಇಳಿಸಿದರೆ ಡೆಕ್ಕೇ ಮುಂದೆ. ಎಂಟು ಕೋರ್, ಹನ್ನೆರಡು ಗ್ರಾಫಿಕ್ಸ್ ಯೂನಿಟ್ ಇರುವ ಚಿಪ್ಪಿಗೆ ಅಷ್ಟು ಕಡಿಮೆ ಕರೆಂಟು ಸಾಲುವುದಿಲ್ಲ. ಡೆಕ್ಕಿನ ನಾಲ್ಕು ಕೋರ್, ಎಂಟು ಯೂನಿಟ್ಟಿನ ಚಿಪ್ ಅದಕ್ಕೆಂದೇ ಮಾಡಿದ್ದು.

ಇದನ್ನೇ ಬ್ಯಾಟರಿಗೆ ಹಚ್ಚಿ ನೋಡಿ. ಡೆಕ್ ಓಎಲ್‌ಇಡಿಯಲ್ಲಿ 50 ವ್ಯಾಟ್ ಅವರ್, ಅಲೈನಲ್ಲಿ 40. ಡೆಕ್ ಈ ಗೇಮಿಗೆ ಸ್ಕ್ರೀನ್, ಫ್ಯಾನ್ ಎಲ್ಲ ಸೇರಿ 20–22 ವ್ಯಾಟ್ ಎಳೆಯುತ್ತದೆ, ಅಂದರೆ ಎರಡು ಗಂಟೆಗೆ ತುಸು ಮೇಲೆ. ಅಲೈ ಟರ್ಬೊದಲ್ಲಿ 40ರ ಹತ್ತಿರ ಎಳೆಯುತ್ತದೆ, ಒಂದು ಗಂಟೆಗೆ ಖಾಲಿ. ಪವರ್ ಬ್ಯಾಂಕ್ ವಿಷಯದಲ್ಲೂ ಇದೇ ಕಥೆ. ಡೆಕ್ಕಿಗೆ 45 ವ್ಯಾಟ್ ಕೊಡುವುದು ಸಾಕು, ಅಲೈಗೆ ಪೂರ್ತಿ 30 ವ್ಯಾಟ್ ಟರ್ಬೊ ಬೇಕಿದ್ದರೆ 65 ವ್ಯಾಟ್‌ನದೇ ಆಗಬೇಕು.

ಇನ್ನು ಸೆಟ್ಟಿಂಗ್. ಗೇಮಿನಲ್ಲೇ ಸ್ಟೀಮ್ ಡೆಕ್ ಎಂಬ ಪ್ರಿಸೆಟ್ (ಮೊದಲೇ ಜೋಡಿಸಿಟ್ಟ ಸೆಟ್ಟಿಂಗ್) ಇದೆ, ಅಲ್ಲಿಂದ ಶುರು ಮಾಡಿ. ಅದರ ಮೇಲೆ ಬದಲಿಸಬೇಕಾದದ್ದು ಮೂರೇ. ಕ್ರೌಡ್ ಡೆನ್ಸಿಟಿ ಲೋ. ಇದು ಪ್ರೊಸೆಸರ್ ಮೇಲಿನ ಭಾರ. ಡೆಕ್ಕಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಅದೇ 15 ವ್ಯಾಟ್ ಹಂಚಿಕೊಳ್ಳುವುದರಿಂದ ಬೀದಿಯಲ್ಲಿ ಜನ ಹೆಚ್ಚಾದಷ್ಟೂ ಗ್ರಾಫಿಕ್ಸ್‌ಗೆ ಉಳಿಯುವುದು ಕಮ್ಮಿ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ಪ್ರತಿಬಿಂಬ) ಆಫ್ ಮಾಡಿ. ಲೋನಲ್ಲಿಟ್ಟರೆ ಒದ್ದೆ ರಸ್ತೆಯ ಮೇಲೆ ಮರಳು ಚೆಲ್ಲಿದಂತೆ ಕಾಣುತ್ತದೆ, ಅದಕ್ಕಿಂತ ಇಲ್ಲದಿರುವುದೇ ಚೆಂದ. ಫಿಲ್ಮ್ ಗ್ರೇನ್ ಆಫ್, ಏಕೆಂದರೆ ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರ ತಯಾರಿಸಿ ದೊಡ್ಡದು ಮಾಡುವುದು) ಜೊತೆ ಸೇರಿದಾಗ ಚಿತ್ರ ರಾಡಿಯಾಗುತ್ತದೆ. ಟೆಕ್ಸ್ಚರ್ ಮೀಡಿಯಂ ಇರಲಿ. ಆಟದ ನಡುವೆ ಪಾಜ್ ಮಾಡಿ ಹುಡುಕಿದರೆ ಟೆಕ್ಸ್ಚರ್ ಆಯ್ಕೆ ಸಿಗುವುದಿಲ್ಲ, ಮೇನ್ ಮೆನುವಿಗೆ ಹೋಗಿಯೇ ಬದಲಿಸಬೇಕು.

ಡೆಕ್ಕಿನಲ್ಲಿ ಮೂರು ಚುಕ್ಕಿಯ ಬಟನ್ ಒತ್ತಿ, ಪರ್ಫಾರ್ಮೆನ್ಸ್‌ನಲ್ಲಿ ಫ್ರೇಮ್ ಲಿಮಿಟ್ ಸೆಕೆಂಡಿಗೆ 40 ಇಡಿ. ಸ್ಕ್ರೀನ್ ತಾನಾಗಿ 80 ಹರ್ಟ್ಸ್‌ಗೆ ಬರುತ್ತದೆ, ಪ್ರತಿ ಫ್ರೇಮ್ ಸಮನಾಗಿ ಎರಡು ಸಲ ಕಾಣುತ್ತದೆ. 30ರಲ್ಲಿ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7, 40ರಲ್ಲಿ 25, ಅಂದರೆ ಇವೆರಡರ ಸರಿ ನಡುವೆ. ಅದಕ್ಕೇ 30ರಿಂದ 40ಕ್ಕೆ ಏರಿದಾಗ ಕೈಗೆ ಅಷ್ಟೊಂದು ವ್ಯತ್ಯಾಸ ಗೊತ್ತಾಗುವುದು. ಡಾಗ್‌ಟೌನಿನಲ್ಲಿ 40 ನಿಲ್ಲುವುದಿಲ್ಲ. ಏರಿಳಿತ ಕಣ್ಣಿಗೆ ಕುಕ್ಕುತ್ತದೆ ಅನ್ನುವವರು ಅಲ್ಲಿ ಮಾತ್ರ 30ಕ್ಕೆ ಕಟ್ಟಿ.

ಅಲೈನ 1080ಪಿ ಸ್ಕ್ರೀನಿನಲ್ಲಿ ಡೆಕ್ಕಿನ ಎರಡರಷ್ಟು ಪಿಕ್ಸೆಲ್ ಇವೆ. ಎಫ್‌ಎಸ್‌ಆರ್ (ಎಎಮ್‌ಡಿಯ ಅಪ್‌ಸ್ಕೇಲಿಂಗ್) ಪರ್ಫಾರ್ಮೆನ್ಸ್ ಮೋಡ್ ಹಾಕಿದಾಗ ಒಳಗೆ ತಯಾರಾಗುವುದು 960×540 ಚಿತ್ರ ಮಾತ್ರ. ಡೆಕ್ಕಿನ 800ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದರೂ ಒಳಗಿನದು 853×533, ಬಹುತೇಕ ಅಷ್ಟೇ. ಆದರೆ ಅಲೈನಲ್ಲಿ ಅಕ್ಷರ, ಮ್ಯಾಪ್, ಮೆನು ಎಲ್ಲ ಪೂರ್ತಿ 1080ಪಿಯಲ್ಲಿ ಬರುವುದರಿಂದ ಓದಲು ಹಿತ. ವಿಆರ್‌ಆರ್ (ಫ್ರೇಮಿಗೆ ತಕ್ಕಂತೆ ಸ್ಕ್ರೀನಿನ ವೇಗ ಬದಲಾಗುವ ವ್ಯವಸ್ಥೆ) ಇರುವುದರಿಂದ ಫ್ರೇಮ್ 50–60ರ ನಡುವೆ ತೂಗಾಡಿದರೂ ಕಣ್ಣಿಗೆ ಕಾಣುವುದಿಲ್ಲ. ಇದು ಅಲೈನ ನಿಜವಾದ ಗೆಲುವು. 2024ರ 2.13 ಅಪ್‌ಡೇಟಿನಲ್ಲಿ ಬಂದ ಎಫ್‌ಎಸ್‌ಆರ್ 3 ಫ್ರೇಮ್ ಜನರೇಶನ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಕೂಡ ಟರ್ಬೊದಲ್ಲಿ ಉಪಯೋಗಕ್ಕೆ ಬರುತ್ತದೆ. ಡೆಕ್ಕಿನಲ್ಲಿ ಅದನ್ನು ಮುಟ್ಟಲೇ ಬೇಡಿ. ಮೂಲ ಫ್ರೇಮೇ 30 ಇದ್ದಾಗ ಅಂಕಿ ಏರುತ್ತದೆ, ಗುರಿ ಹಿಡಿಯುವ ಕೈ ಮಾತ್ರ ಕೆಸರಿನಲ್ಲೇ ಇರುತ್ತದೆ.

ಇಷ್ಟೆಲ್ಲ ಇದ್ದೂ ಅಲೈ ನನ್ನ ಆಯ್ಕೆ ಆಗದಿರುವುದು ಒಂದೇ ಕಾರಣಕ್ಕೆ: ಸ್ಲೀಪ್.

ಹ್ಯಾಂಡ್‌ಹೆಲ್ಡ್‌ನಲ್ಲಿ ಆಟ ನಿಲ್ಲುವುದು ನಾವು ಅಂದುಕೊಂಡಾಗಲ್ಲ. ಸ್ಟಾಪ್ ಬರುತ್ತದೆ, ಮನೆಯಲ್ಲಿ ಯಾರೋ ಕರೆಯುತ್ತಾರೆ, ಕುಕ್ಕರ್ ಕೂಗುತ್ತದೆ. ಸೈಬರ್‌ಪಂಕ್‌ನಲ್ಲಿ ಗುಂಡಿನ ಚಕಮಕಿಯ ನಡುವೆ ಸೇವ್ ಮಾಡಲು ಬಿಡುವುದಿಲ್ಲ. ಡೆಕ್ಕಿನಲ್ಲಿ ಪವರ್ ಬಟನ್ ಒಮ್ಮೆ ಒತ್ತಿದರೆ ಗೇಮ್ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ರ್‍ಯಾಮಿಗಷ್ಟೇ ಕರೆಂಟು ಹೋಗುತ್ತಿರುತ್ತದೆ, ಮಿಕ್ಕದ್ದೆಲ್ಲ ಮಲಗುತ್ತದೆ. ಮತ್ತೆ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಅದೇ ಗುಂಡು, ಅದೇ ಗಲ್ಲಿ. ರಾತ್ರಿಯಿಡೀ ಚೀಲದಲ್ಲಿಟ್ಟರೂ ಇಳಿಯುವ ಬ್ಯಾಟರಿ ಅಲ್ಪ.

ಅಲೈನಂತೆ ವಿಂಡೋಸ್ ಇರುವ ಹ್ಯಾಂಡ್‌ಹೆಲ್ಡ್‌ಗಳು ಬಳಸುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಹೆಸರಿಗೆ ನಿದ್ದೆ, ನಡುನಡುವೆ ಎಚ್ಚರ. ಸ್ಕ್ರೀನ್ ಆರಿದ ಮೇಲೂ ನೆಟ್‌ವರ್ಕ್, ಅಪ್‌ಡೇಟ್ ಕೆಲಸಗಳಿಗೆಂದು ಸಿಸ್ಟಮ್ ಏಳುತ್ತಿರುತ್ತದೆ. ಫೋನು, ಆಫೀಸ್ ಲ್ಯಾಪ್‌ಟಾಪಿಗೆ ಈ ಏರ್ಪಾಡು ಅನುಕೂಲ. ಹಿನ್ನೆಲೆಯಲ್ಲಿ ಭಾರೀ ಗೇಮೊಂದು ತೆರೆದಿರುವಾಗ ಇದೇ ತೊಂದರೆ: ಚೀಲದೊಳಗೆ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಎದ್ದ ಮೇಲೂ ಖಾತ್ರಿಯಿಲ್ಲ. ಕಂಟ್ರೋಲರ್ ಹೊಸದಾಗಿ ಜೋಡಣೆಯಾಗುವುದರಿಂದ ಕೆಲವೊಮ್ಮೆ ಗೇಮಿಗೆ ಅದು ಕಾಣಿಸುವುದಿಲ್ಲ, ಕೆಲವೊಮ್ಮೆ ಗ್ರಾಫಿಕ್ಸ್ ಸಂಪರ್ಕ ಕಡಿದು ಗೇಮೇ ಮುಚ್ಚುತ್ತದೆ.

ಅಲೈ ಈಗಾಗಲೇ ಕೈಯಲ್ಲಿರುವವರು ಸ್ಲೀಪನ್ನು ಮರೆತು ಹೈಬರ್ನೇಟ್‌ಗೆ ಹೋಗಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟ ತೆರೆದು, ಆನ್ ಬ್ಯಾಟರಿ, ಪ್ಲಗ್ಡ್ ಇನ್ ಎರಡಕ್ಕೂ ಹೈಬರ್ನೇಟ್ ಆರಿಸಿ. ಆ ಆಯ್ಕೆ ಮಸುಕಾಗಿ ಕಂಡರೆ ಅದೇ ಪುಟದ ಮೇಲ್ಭಾಗದ ಲಿಂಕ್ ಒತ್ತಿದಾಗ ತೆರೆದುಕೊಳ್ಳುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ವೇಕ್ ಟೈಮರ್ ಕೂಡ ನಿಲ್ಲಿಸಿ. ರ್‍ಯಾಮಿನಲ್ಲಿರುವುದೆಲ್ಲ ಎಸ್‌ಎಸ್‌ಡಿಗೆ ಬರೆದು ಮಷಿನ್ ಪೂರ್ತಿ ಆರುವುದರಿಂದ ಬಿಸಿಯೂ ಇಲ್ಲ, ಸೋರಿಕೆಯೂ ಇಲ್ಲ. ಬೆಲೆ ಏನೆಂದರೆ ಏಳುವುದು ನಿಧಾನ, ಡಿಸ್ಕಿನಲ್ಲಿ ಕೆಲವು ಜಿಬಿ ಹೈಬರ್ನೇಟ್ ಫೈಲಿಗೆ ಹೋಗುತ್ತದೆ, ಎದ್ದಾಗ ಗೇಮ್ ಜೀವಂತ ಇರುತ್ತದೆಂಬ ಭರವಸೆ ಇಲ್ಲೂ ಪೂರ್ತಿಯಲ್ಲ. ಪವರ್ ಬಟನ್ ಒತ್ತುವ ಮುಂಚೆ ಸೇವ್ ಮಾಡುವ ಅಭ್ಯಾಸ ಬೇಕೇ ಬೇಕು.

ಮೂರನೆಯ ದಾರಿ 2025ರಲ್ಲಿ ತೆರೆಯಿತು. ಆ ವರ್ಷ ಮೇನಲ್ಲಿ ಬಂದ, ಡೆಕ್ಕಿನ ಆಪರೇಟಿಂಗ್ ಸಿಸ್ಟಮ್ ಆದ ಸ್ಟೀಮ್‌ಓಎಸ್‌ನ 3.7.8 ಆವೃತ್ತಿಯಿಂದ ವಾಲ್ವ್ ಅಲೈನಂಥ ಎಎಮ್‌ಡಿ ಹ್ಯಾಂಡ್‌ಹೆಲ್ಡ್‌ಗಳಿಗೂ ಬೆಂಬಲ ವಿಸ್ತರಿಸಿದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಪೆನ್‌ಡ್ರೈವ್‌ನಿಂದ ಹಾಕಿದರೆ ಸ್ಲೀಪಿನ ಕಾಟ ಬಹುಪಾಲು ತಗ್ಗುತ್ತದೆ. ಅಸುಸ್‌ನ ಸೆಟ್ಟಿಂಗ್ ಆ್ಯಪ್ ಆರ್ಮರಿ ಕ್ರೇಟ್ ಹೋಗುತ್ತದೆ, ಬಯೋಸ್ ಅಪ್‌ಡೇಟನ್ನು ಯುಎಸ್‌ಬಿಯಿಂದ ಮಾಡಬೇಕಾಗುತ್ತದೆ. 40 ವ್ಯಾಟ್ ಅವರ್ ಬ್ಯಾಟರಿ ಮಾತ್ರ ಯಾವ ಸಾಫ್ಟ್‌ವೇರ್ ಹಾಕಿದರೂ 40ಕ್ಕೇ ನಿಲ್ಲುತ್ತದೆ.

ಸ್ಟೋರೇಜ್ ಬಗ್ಗೆ ಎರಡು ಮಾತು. 2.0 ಅಪ್‌ಡೇಟಿನಿಂದ ಈ ಗೇಮಿಗೆ ಅಧಿಕೃತವಾಗಿ ಎಸ್‌ಎಸ್‌ಡಿ ಕಡ್ಡಾಯ, 70 ಜಿಬಿ ಜಾಗ ಬೇಕು, ಫ್ಯಾಂಟಮ್ ಲಿಬರ್ಟಿ ಬೇರೆ. ಮೈಕ್ರೊ ಎಸ್‌ಡಿ ಕಾರ್ಡಿನಿಂದಲೂ ಡೆಕ್ಕಿನಲ್ಲಿ ನಡೆಯುತ್ತದೆ, ಆದರೆ ಜೋರಾಗಿ ಬೈಕ್ ಓಡಿಸಿದಾಗ ಕಟ್ಟಡಗಳು ತಡವಾಗಿ ಮೂಡುತ್ತವೆ, ದೊಡ್ಡ ಪ್ಯಾಚ್ ಬಂದಾಗ ಕಾಯುವುದು ವಿಪರೀತ. ಇದೊಂದನ್ನು ಒಳಗಿನ ಎಸ್‌ಎಸ್‌ಡಿಯಲ್ಲಿಟ್ಟು ಸಣ್ಣ ಗೇಮುಗಳನ್ನು ಕಾರ್ಡಿಗೆ ಹಾಕಿ.

ಮಾಡ್ (ಗೇಮನ್ನು ಬದಲಿಸಲು ಆಟಗಾರರು ಮಾಡಿದ ಫೈಲು) ಹಾಕುವವರಿಗೆ ವಿಂಡೋಸೇ ಸುಲಭ. ರಾತ್ರಿಯ ನಿಯಾನ್ ದೀಪಗಳನ್ನು ಡೆಕ್ಕಿನ ಓಎಲ್‌ಇಡಿಯಲ್ಲಿ ಎಚ್‌ಡಿಆರ್ ಹಾಕಿ ನೋಡಿದ ಮೇಲೆ ಅಲೈನ ಎಲ್‌ಸಿಡಿ ಸಪ್ಪೆ.

ಬಜೆಟ್ ವಿಷಯ. 2023ರ ಜುಲೈನಲ್ಲಿ ಅಲೈ ಭಾರತಕ್ಕೆ ಬಂದದ್ದು 69,990 ರೂಪಾಯಿಗೆ. ಡೆಕ್ಕನ್ನು ವಾಲ್ವ್ ಇಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ. ಅಮೆರಿಕದಲ್ಲಿ 512 ಜಿಬಿ ಓಎಲ್‌ಇಡಿ 549 ಡಾಲರಿಗೆ ಶುರುವಾಯಿತು, ಇಲ್ಲಿ ಇಂಪೋರ್ಟ್ ಮಾಡುವವರು ತೆರಿಗೆ, ಲಾಭ ಸೇರಿಸಿ ಹೇಳಿದ್ದೇ ರೇಟು. ವಾರಂಟಿ ಬೇಕೇ ಬೇಕು ಅನ್ನುವವರು, ಹೆಚ್ಚಾಗಿ ಚಾರ್ಜರ್ ಪಕ್ಕದಲ್ಲೇ ಆಡುವವರು, ಟಿವಿಗೂ ಜೋಡಿಸುವವರು ಅಲೈ ತಗೊಳ್ಳಿ, ನಷ್ಟವಿಲ್ಲ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಪ್ರಶ್ನೆಯೇ ಅಲ್ಲ, ನೇರ ಡೆಕ್. ಇಲ್ಲಿದ್ದೂ ನಾನು ವಾರಂಟಿ ಬಿಟ್ಟು ಡೆಕ್ ಆರಿಸುವುದು, ನನ್ನ ಆಟವೆಲ್ಲ ತುಂಡು ತುಂಡು ಸಮಯದಲ್ಲೇ ನಡೆಯುವುದರಿಂದ.

ಇಂಪೋರ್ಟ್ ಅಂಗಡಿಯಲ್ಲಿ ತಗೊಳ್ಳುವಾಗ ಡಬ್ಬಿ ನೋಡಿ ದುಡ್ಡು ಕೊಡಬೇಡಿ. ಪವರ್ ಬಟನ್ ಕಿತ್ತಳೆ ಬಣ್ಣದ್ದಿದ್ದರೆ ಓಎಲ್‌ಇಡಿ, ಕಪ್ಪಿದ್ದರೆ ಹಳೆಯ ಎಲ್‌ಸಿಡಿ ಮಾಡೆಲ್ ಎಂದೇ ಅನುಮಾನಿಸಿ. ಆನ್ ಮಾಡಿಸಿ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಷ್ಟಿದೆ ನೋಡಿ. ಕಂಟ್ರೋಲರ್ ಟೆಸ್ಟ್ ತೆರೆದು ಎರಡೂ ಸ್ಟಿಕ್ ತಿರುಗಿಸಿ ಬಿಡಿ, ಚುಕ್ಕಿ ನಡುವಿಗೆ ಬಂದು ನಿಲ್ಲಬೇಕು. ಕೊನೆಗೆ ಅಂಗಡಿಯವರ ಎದುರೇ ಪವರ್ ಬಟನ್ ಒತ್ತಿ ಮಲಗಿಸಿ, ಎಬ್ಬಿಸಿ, ವೈಫೈ ಮತ್ತೆ ಹತ್ತುತ್ತದೆಯೇ ನೋಡಿಕೊಂಡು ಬಿಲ್ ಬರೆಸಿ.